ಶಸ್ತ್ರಚಿಕಿತ್ಸೆಯೂ ಉಸಿರಾಟವೂ

ಮನೆಯಲ್ಲಿ ಒಬ್ಬರಿಗೆ ಶಸ್ತ್ರಚಿಕಿತ್ಸೆಯಾಗಬೇಕೆಂದು ವೈದ್ಯರು ಹೇಳಿದೊಡನೆ ನಮ್ಮ ಮನಸ್ಸಿನಲ್ಲಿ ಏಳುವ ಪ್ರಶ್ನೆಗಳು ಬಹುಮಟ್ಟಿಗೆ ಒಂದೇ ತೆರನಾಗಿರುತ್ತವೆ. ನೋವಾಗುವುದೆ? ರಕ್ತ ಕೊಡಬೇಕಾದೀತೆ? ಹೊಲಿಗೆ ಎಷ್ಟು ದಿನಕ್ಕೆ ಬಿಚ್ಚುತ್ತಾರೆ? ಖರ್ಚು ಎಷ್ಟಾದೀತು? ಇವೆಲ್ಲವೂ ಕೇಳಬೇಕಾದ ಪ್ರಶ್ನೆಗಳೇ. ಆದರೆ ಇವುಗಳ ಜೊತೆಯಲ್ಲಿ ಕೇಳಬೇಕಾದ ಇನ್ನೊಂದು ಪ್ರಶ್ನೆ ಸಾಮಾನ್ಯವಾಗಿ ಯಾರ ಬಾಯಿಂದಲೂ ಹೊರಡುವುದಿಲ್ಲ. ಚಿಕಿತ್ಸೆಯಾದ ಮೇಲೆ ಇವರು ಉಸಿರಾಡುವುದು ಹೇಗೆ, ಎಂಬುದೇ ಆ ಪ್ರಶ್ನೆ.

ಇದೇನು ವಿಚಿತ್ರವಾದ ಮಾತೆಂದು ನಿಮಗೆ ತೋರಬಹುದು. ಉಸಿರಾಡುವುದನ್ನು ಯಾರಾದರೂ ಕಲಿಸಬೇಕೆ? ದೊಡ್ಡವರಲ್ಲಿ ನಿಮಿಷಕ್ಕೆ 12ರಿಂದ 18 ಸಲದಂತೆ, ದಿನಕ್ಕೆ ಇಪ್ಪತ್ತು ಸಾವಿರ ಸಲದ ಆಸುಪಾಸಿನಲ್ಲಿ, ನಮ್ಮ ಗಮನವನ್ನೇ ಬೇಡದೆ ನಡೆಯುತ್ತಿರುವ ಕಾರ್ಯವಲ್ಲವೆ ಅದು? ನಿಜ. ಆದರೆ ಹೊಟ್ಟೆಯ ಮೇಲೋ ಎದೆಯ ಮೇಲೋ ದೊಡ್ಡ ಶಸ್ತ್ರಚಿಕಿತ್ಸೆ ನಡೆದ ತರುವಾಯ ಒಂದು ವಾರದ ಮಟ್ಟಿಗೆ ಆ ಕಾರ್ಯವನ್ನು ಪ್ರಕೃತಿಯ ಪಾಲಿಗೇ ಬಿಟ್ಟುಬಿಡುವಂತಿಲ್ಲ. ಗಾಯವು ಚೆನ್ನಾಗಿ ಮಾಯುತ್ತಿರುವಾಗಲೇ ಶ್ವಾಸಕೋಶಗಳಲ್ಲಿ ತೊಂದರೆ ತಲೆದೋರಿ, ಗೆದ್ದ ಕೆಲಸ ಕೈತಪ್ಪಿಹೋದ ಪ್ರಸಂಗಗಳು ಎಲ್ಲ ಆಸ್ಪತ್ರೆಗಳಲ್ಲಿಯೂ ಉಂಟು. ಈ ತೊಂದರೆಗಳಲ್ಲಿ ಹೆಚ್ಚಿನ ಪಾಲು ತಡೆಯಬಹುದಾದುವು. ತಡೆಯುವ ಉಪಾಯವನ್ನು ಶಸ್ತ್ರಚಿಕಿತ್ಸೆಗೆ ಮುಂಚಿತವಾಗಿಯೇ ಕಲಿಯಬೇಕು. ಈ ಒಂದು ಮಾತನ್ನು ನಿಮ್ಮ ಮನಸ್ಸಿಗೆ ತರುವುದೇ ಇಂದಿನ ಭಾಷಣದ ಉದ್ದೇಶ.

ಮಂಡ್ಯ, ಮದ್ದೂರು, ಮಳವಳ್ಳಿ, ಈ ಮೂರು ತಾಲ್ಲೂಕುಗಳ ಜನರನ್ನು ಕಣ್ಣಮುಂದೆ ಇಟ್ಟುಕೊಂಡು ನಾನು ಮಾತನಾಡುತ್ತೇನೆ. 1939ರಲ್ಲಿ ಮಂಡ್ಯ ಪ್ರತ್ಯೇಕ ಜಿಲ್ಲೆಯಾಯಿತು. ಅಲ್ಲಿಯವರು ದೊಡ್ಡ ಚಿಕಿತ್ಸೆಗೆಂದು ಮೈಸೂರಿಗೋ ಬೆಂಗಳೂರಿಗೋ ರೈಲು ಹತ್ತುತ್ತಿದ್ದುದು ವಾಡಿಕೆ. ಈಗ ಬೆಳ್ಳೂರಿನಲ್ಲಿ ಆದಿಚುಂಚನಗಿರಿಯ ವೈದ್ಯಕೀಯ ಸಂಸ್ಥೆಯೂ, ಮಂಡ್ಯದಲ್ಲಿ 2006ರಲ್ಲಿ ಸ್ಥಾಪಿತವಾದ ವೈದ್ಯವಿಜ್ಞಾನಗಳ ಸಂಸ್ಥೆಯೂ ಜಿಲ್ಲೆಯೊಳಗೇ ಇವೆ. ಶಸ್ತ್ರಚಿಕಿತ್ಸೆ ಊರ ಹತ್ತಿರಕ್ಕೆ ಬಂದಿತು. ಅದರೊಡನೆ ರೋಗಿಯ ಸುತ್ತ ಬಂಧುಬಳಗವೂ ಬಂದಿತು. ಹಾಸಿಗೆಯ ಪಕ್ಕದಲ್ಲಿ ಹಗಲಿರುಳು ಕುಳಿತು ಆರೈಕೆ ಮಾಡುವ ಈ ಬಳಗದಷ್ಟು ದೊಡ್ಡ ಸಹಾಯ ಇನ್ನೊಂದಿಲ್ಲ. ಆದರೆ ಆ ಆರೈಕೆಯಲ್ಲಿಯೇ ಒಂದು ಅಪಾಯವೂ ಅಡಗಿದೆ.

ಯಾವ ವಾರ್ಡಿಗೆ ಬೇಕಾದರೂ ಹೋಗಿ ನೋಡಿ. ಹೊಟ್ಟೆಯ ಚಿಕಿತ್ಸೆಯಾದ ಮಗನಿಗೆ ಕೆಮ್ಮು ಬಂದರೆ ತಾಯಿ ಓಡಿಬಂದು, "ಕೆಮ್ಬೇಡ ಕನಪ್ಪ, ಹೊಲ್ಗೆ ಬುಟ್ಟೋದಾತು, ಅಲ್ಲಾಡ್ದೆ ಮನಿಕೊ" ಎನ್ನುತ್ತಾಳೆ. ಮಗ ಎದ್ದು ಕೂರಲು ಹೊರಟರೆ ಚಿಕ್ಕಪ್ಪ ಭುಜ ಹಿಡಿದು ಮಲಗಿಸುತ್ತಾನೆ. ಮೂರು ದಿನ ಕದಲದೆ ಮಲಗಿದವನೇ ಒಳ್ಳೆಯ ರೋಗಿಯೆಂದು ಹೆಸರಾಗುತ್ತಾನೆ. ಪ್ರೀತಿಯಿಂದ ಹೇಳಿದ ಮಾತು ಅದು, ಅದರಲ್ಲಿ ಸಂಶಯವಿಲ್ಲ. ಆದರೆ ಆ ಮೂರು ದಿನಗಳಲ್ಲಿ ಶ್ವಾಸಕೋಶದೊಳಗೆ ನಡೆಯುವುದೇನೆಂಬುದು ಆ ತಾಯಿಗೆ ತಿಳಿದಿದ್ದರೆ ಅವಳೇ ಅವನನ್ನು ಎಬ್ಬಿಸಿ ಕೂರಿಸಿ ಕೆಮ್ಮಿಸುತ್ತಿದ್ದಳು.

ಅಲ್ಲಿ ನಡೆಯುವುದೇನು? ನಮ್ಮ ಶ್ವಾಸಕೋಶಗಳು ಮೂವತ್ತು ಕೋಟಿಗೂ ಮಿಗಿಲಾದ ಅತಿ ಸಣ್ಣ ಗಾಳಿಗೂಡುಗಳಿಂದಾದುವು. ಎದೆಗೂ ಹೊಟ್ಟೆಗೂ ನಡುವೆ ಕಮಾನಿನಂತೆ ಹಬ್ಬಿರುವ ವಪೆ ಎಂಬ ಸ್ನಾಯು ಕೆಳಕ್ಕೆ ಇಳಿದಾಗ ಎದೆಯ ಗೂಡು ಹಿಗ್ಗಿ ಗಾಳಿ ಒಳಕ್ಕೆ ಬರುತ್ತದೆ. ಅದು ಮೇಲೇರಿದಾಗ ಗಾಳಿ ಹೊರಬೀಳುತ್ತದೆ. ಸುಮ್ಮನೆ ಕುಳಿತಿರುವಾಗ ಒಂದು ಉಸಿರಿಗೆ ಅರ್ಧ ಲೀಟರಿನಷ್ಟು ಗಾಳಿ ಸಾಕು. ಇದಲ್ಲದೆ ಕೆಲವು ನಿಮಿಷಗಳಿಗೊಮ್ಮೆ ನಮಗೇ ಅರಿವಿಲ್ಲದೆ ನಾವು ಒಂದು ನಿಟ್ಟುಸಿರು ಬಿಡುತ್ತೇವೆ. ನಿಟ್ಟುಸಿರನ್ನು ಕವಿಗಳು ವಿರಹಕ್ಕೆ ಮೀಸಲು ಮಾಡಿದ್ದಾರೆ. ದೇಹಧರ್ಮದಲ್ಲಿ ಅದಕ್ಕೆ ಬೇರೆ ಉದ್ಯೋಗವಿದೆ: ಮುದುಡುತ್ತಿರುವ ಗಾಳಿಗೂಡುಗಳನ್ನು ಮತ್ತೆ ಅರಳಿಸುವುದು.

ಈಗ ಶಸ್ತ್ರಚಿಕಿತ್ಸೆಯನ್ನು ನೆನೆಯೋಣ. ರೋಗಿ ಬೆನ್ನಿನ ಮೇಲೆ ಮಲಗಿದೊಡನೆ ಹೊಟ್ಟೆಯೊಳಗಿನ ಅಂಗಗಳು ವಪೆಯನ್ನು ಮೇಲಕ್ಕೆ ತಳ್ಳುತ್ತವೆ. ಅರಿವಳಿಕೆ ಕೊಟ್ಟು ಸ್ನಾಯುಗಳನ್ನು ಸಡಿಲಿಸಿದಾಗ ಅದು ಇನ್ನಷ್ಟು ಮೇಲೇರುತ್ತದೆ. ಬೆನ್ನ ಕಡೆಯ, ಬುಡದ ಭಾಗದ ಗಾಳಿಗೂಡುಗಳು ಒತ್ತಡಕ್ಕೆ ಸಿಕ್ಕಿ ಮುಚ್ಚಿಕೊಳ್ಳುತ್ತವೆ. ಎಚ್ಚರವಾದ ಮೇಲೆ ನೋವು ತನ್ನ ಪಾಲಿನ ಕೆಲಸವನ್ನು ಆರಂಭಿಸುತ್ತದೆ. ಪಕ್ಕೆಲುಬಿನ ಕೆಳಗೆ ಗಾಯವಿರುವ ಮನುಷ್ಯ ಆಳವಾಗಿ ಉಸಿರೆಳೆಯಲು ಹೆದರುತ್ತಾನೆ, ಗಂಟಲಿನಲ್ಲಿಯೇ ಪುಟ್ಟ ಪುಟ್ಟ ಉಸಿರು ತೆಗೆದುಕೊಳ್ಳುತ್ತಾನೆ, ನಿಟ್ಟುಸಿರು ನಿಂತೇಹೋಗುತ್ತದೆ. ಮೇಲ್ಹೊಟ್ಟೆಯನ್ನು ತೆರೆದು ಮಾಡಿದ ಚಿಕಿತ್ಸೆಯ ಮರುದಿನ, ರೋಗಿ ಪೂರ್ಣ ಪ್ರಯತ್ನದಿಂದ ಒಂದು ಉಸಿರಿನಲ್ಲಿ ಆಡಿಸಬಲ್ಲ ಗಾಳಿಯ ಪ್ರಮಾಣ ಮೊದಲಿದ್ದುದರ ಅರ್ಧದಷ್ಟಕ್ಕೆ ಇಳಿದಿರುತ್ತದೆ.

ಇದನ್ನು ಆ ನಾಡಿನ ನಾಲೆಯನ್ನು ಬಲ್ಲವರಿಗೆ ವಿವರಿಸುವುದು ಸುಲಭ. ಕೃಷ್ಣರಾಜಸಾಗರದಿಂದ ಹೊರಟ ವಿಶ್ವೇಶ್ವರಯ್ಯ ನಾಲೆ ಮಂಡ್ಯ, ಮದ್ದೂರು, ಮಳವಳ್ಳಿಗಳ ಗದ್ದೆಗಳಿಗೆ ನೀರುಣಿಸುತ್ತದೆ. ತಲೆಯಲ್ಲಿ ನೀರು ಕಡಮೆಯಾದರೆ ಮೊದಲು ಒಣಗುವುದು ಯಾವ ಗದ್ದೆ? ಕೊನೆಯ ಭಾಗದ ಗದ್ದೆ. ನಡುವೆ ಹೂಳು ತುಂಬಿದರೆ ನಷ್ಟ ಯಾರಿಗೆ? ಕೊನೆಯ ಭಾಗದವನಿಗೇ. ಶ್ವಾಸಕೋಶದ ಬುಡದ ಗೂಡುಗಳು ಆ ಕೊನೆಯ ಗದ್ದೆಗಳು. ಪುಟ್ಟ ಉಸಿರು ಅಲ್ಲಿಯವರೆಗೆ ಮುಟ್ಟುವುದಿಲ್ಲ. ಕೆಮ್ಮದೆ ಉಳಿದ ಕಫ ಹೂಳಾಗಿ ನಡುದಾರಿಯನ್ನು ಕಟ್ಟುತ್ತದೆ. ನಾಲೆಗೂ ಶ್ವಾಸಕೋಶಕ್ಕೂ ಒಂದು ವ್ಯತ್ಯಾಸವಿದೆ: ಗಾಳಿ ಮುಟ್ಟದ ಗೂಡು ಒಣಗುವುದಿಲ್ಲ, ಒಳಗಿನ ತೇವದಿಂದ ಅಂಟಿಕೊಳ್ಳುತ್ತದೆ, ಅಲ್ಲಿ ನಿಂತ ಕಫದಲ್ಲಿ ರೋಗಾಣುಗಳು ಬೆಳೆಯುತ್ತವೆ. ಮೊದಲನೆಯದು ಶ್ವಾಸಕೋಶದ ಕುಸಿತ, ಎರಡನೆಯದು ನ್ಯುಮೋನಿಯ.

ಈ ಸಂಗತಿ ವೈದ್ಯರಿಗೂ ಒಮ್ಮೆಲೇ ಹೊಳೆದುದಲ್ಲ. 1846ರಲ್ಲಿ ಬೋಸ್ಟನ್ ನಗರದಲ್ಲಿ ಈಥರನ್ನೂ, ಮರುವರ್ಷ ಎಡಿನ್‌ಬರೋದಲ್ಲಿ ಕ್ಲೋರೊಫಾರಮನ್ನೂ ಬಳಸಿ ತೋರಿಸಿದ ಮೇಲೆ ನೋವಿಲ್ಲದ ಶಸ್ತ್ರಚಿಕಿತ್ಸೆ ಲೋಕಕ್ಕೆಲ್ಲ ಹಬ್ಬಿತು. ಆದರೆ ಕ್ಲೋರೊಫಾರಂ ಕೊಟ್ಟಾಗ ಕೆಲವರು ಹಠಾತ್ತಾಗಿ ಸಾಯುತ್ತಿದ್ದರು. ನಿಲ್ಲುವುದು ಹೃದಯವೋ ಉಸಿರೋ ಎಂಬ ವಿವಾದ ಎದ್ದಿತು. ಇದರ ನಿರ್ಣಯಕ್ಕೆಂದು ನಮ್ಮ ನೆರೆಯ ಹೈದರಾಬಾದು ಸಂಸ್ಥಾನದಲ್ಲಿ, ನಿಜಾಮರ ದ್ರವ್ಯಸಹಾಯದಿಂದ, 1888 ಮತ್ತು 1889ರಲ್ಲಿ ಎರಡು ಕ್ಲೋರೊಫಾರಂ ಸಮಿತಿಗಳು ಕೆಲಸ ಮಾಡಿದುವು. ಎಡ್ವರ್ಡ್ ಲಾರಿ ಅವುಗಳ ಪ್ರೇರಕ. ಎರಡನೆಯದಕ್ಕೆ ಇಂಗ್ಲೆಂಡಿನಿಂದ ಲಾಡರ್ ಬ್ರಂಟನ್ ಬಂದರು. ಉಸಿರೇ ಮೊದಲು ನಿಲ್ಲುತ್ತದೆ, ಹೃದಯ ಆಮೇಲೆ, ಎಂಬುದು ಅವರ ತೀರ್ಪು. ಕ್ಲೋರೊಫಾರಂ ಹೃದಯವನ್ನೂ ನೇರವಾಗಿ ನಿಲ್ಲಿಸಬಲ್ಲುದೆಂದು 1911ರಲ್ಲಿ ಲೆವಿ ಎಂಬ ವಿಜ್ಞಾನಿ ತೋರಿಸಿದ್ದರಿಂದ ಆ ತೀರ್ಪು ಪೂರ್ಣಸತ್ಯವಲ್ಲವೆಂದಾಯಿತು. ಕ್ಲೋರೊಫಾರಮೂ ಬಳಕೆಯಿಂದ ಮರೆಯಾಯಿತು. ಆದರೂ ರೋಗಿಯ ಉಸಿರಿನ ಮೇಲಿಂದ ಕಣ್ಣು ತೆಗೆಯಬೇಡಿ ಎಂಬ ಅಲ್ಲಿನ ಉಪದೇಶ ಇಂದಿಗೂ ಹಳತಾಗಿಲ್ಲ.

ಆಮೇಲಿನ ಮಾತು ಶಸ್ತ್ರಚಿಕಿತ್ಸೆಯ ಮರುದಿನಗಳದು. ರೋಗಿಗೆ ಆಗ ನ್ಯುಮೋನಿಯ ಬಂದರೆ ವೈದ್ಯರು ಬಹುಕಾಲ ಈಥರನ್ನು ದೂರುತ್ತಿದ್ದರು. ಲಂಡನ್ನಿನ ವಿಲಿಯಂ ಪಾಶ್ಚರ್ ಎಂಬ ವೈದ್ಯರು (ಹುಚ್ಚುನಾಯಿಯ ಕಡಿತಕ್ಕೆ ಲಸಿಕೆ ಕಂಡುಹಿಡಿದ ಫ್ರಾನ್ಸ್ ದೇಶದ ಮಹಾಶಯರು ಬೇರೆ) 1908 ಮತ್ತು 1910ರಲ್ಲಿ ಹೊಸ ವಿವರಣೆಯನ್ನು ಮುಂದಿಟ್ಟರು. ಉಸಿರನ್ನು ಒಳಕ್ಕೆಳೆಯುವ ಬಲ ಕುಂದಿದ್ದರಿಂದ ಶ್ವಾಸಕೋಶದ ಭಾಗ ಕುಸಿಯುತ್ತದೆ, ಹೊಟ್ಟೆಯ ಚಿಕಿತ್ಸೆಗಳ ತರುವಾಯದ ಎಷ್ಟೋ ತೊಂದರೆಗಳಿಗೆ ಇದೇ ಮೂಲ, ಎಂದು ಅವರು ವಾದಿಸಿದರು. 1985ರಲ್ಲಿ ಸ್ವೀಡನ್ ದೇಶದ ಸಂಶೋಧಕರು ಅರಿವಳಿಕೆಯಲ್ಲಿರುವವರ ಎದೆಯನ್ನು ಸಿ.ಟಿ. ಯಂತ್ರದಿಂದ ಚಿತ್ರಿಸಿ ಈ ಕುಸಿತವನ್ನು ಕಣ್ಣಿಗೇ ತೋರಿಸಿದರು. ಸಂಪೂರ್ಣ ಅರಿವಳಿಕೆ ಪಡೆದ ಹತ್ತು ಮಂದಿಯಲ್ಲಿ ಸುಮಾರು ಒಂಬತ್ತು ಮಂದಿಗೆ ಇದು ಸ್ವಲ್ಪಮಟ್ಟಿಗಾದರೂ ಆಗುತ್ತದೆಂದು ಈಗ ತಿಳಿದಿದೆ. ಹೆಚ್ಚಿನವರಲ್ಲಿ ಅದು ತಾನಾಗಿ ಸರಿಹೋಗುತ್ತದೆ. ಸರಿಹೋಗದೆ ಉಳಿದವರ ಗತಿಯೇ ನಮ್ಮ ಚಿಂತೆಗೆ ವಿಷಯ.

ವಿಷಯವು ಸ್ಪಷ್ಟವಾಗುವಂತೆ ಮೂವರು ವ್ಯಕ್ತಿಗಳನ್ನು ಕಲ್ಪಿಸಿಕೊಳ್ಳೋಣ. ಇವರು ಕಲ್ಪಿತರೇ ಹೊರತು ಇಂಥವರೆಂದು ಬೆರಳಿಟ್ಟು ತೋರಿಸುವಂಥವರಲ್ಲ. ಆದರೂ ಇವರನ್ನು ನೀವೆಲ್ಲರೂ ನೋಡಿದ್ದೀರಿ.

ಮೊದಲನೆಯವರು ಮಳವಳ್ಳಿಯ ಕಡೆಯ ರೈತರು. ವಯಸ್ಸು ಐವತ್ತೈದು. ಹಗಲಿಗೊಂದು ಕಟ್ಟು ಬೀಡಿ. ವರ್ಷದಲ್ಲಿ ಕೆಲವು ತಿಂಗಳು ಆಲೆಮನೆಯ ಒಲೆಯ ಮುಂದೆ ಕೆಲಸ. ಇವರಿಗೆ ಹೊಟ್ಟೆಯ ಚಿಕಿತ್ಸೆಯಾಗಬೇಕಾಗಿದೆ. ನಮ್ಮ ಶ್ವಾಸನಾಳಗಳ ಒಳಮೈಯಲ್ಲಿ ಕಣ್ಣಿಗೆ ಕಾಣದಷ್ಟು ಸಣ್ಣ ರೋಮಗಳಿವೆ. ಅವು ಹಗಲಿರುಳು ಕಫವನ್ನು ಗಂಟಲಿನ ಕಡೆಗೆ ಗುಡಿಸುತ್ತಿರುತ್ತವೆ. ಹೊಗೆಯು ಈ ಜಾಡಮಾಲಿಗಳನ್ನು ಜಡಗೊಳಿಸುತ್ತದೆ, ಕಫವನ್ನು ಹೆಚ್ಚಿಸುತ್ತದೆ. ಬೀಡಿ ಸೇದುವವರಿಗೆ ಬೆಳಗಿನ ಕೆಮ್ಮೊಂದೇ ಉಳಿದ ರಕ್ಷಣೆ. ಶಸ್ತ್ರಚಿಕಿತ್ಸೆಯ ನೋವು ಆ ಕೆಮ್ಮನ್ನೂ ಕಟ್ಟಿಹಾಕಿದರೆ ಎರಡನೆಯ ಅಥವಾ ಮೂರನೆಯ ದಿನ ಜ್ವರ ಬರುತ್ತದೆ, ಉಸಿರು ಬಿರುಸಾಗುತ್ತದೆ. ಕನಿಷ್ಠ ನಾಲ್ಕು ವಾರ ಮುಂಚೆ ತಂಬಾಕನ್ನು ಬಿಟ್ಟರೆ ತೊಂದರೆಗಳು ಗಮನಾರ್ಹವಾಗಿ ಕಡಮೆಯಾಗುತ್ತವೆಂದು ವಿಶ್ವ ಆರೋಗ್ಯ ಸಂಸ್ಥೆ 2020ರಲ್ಲಿ ಸಾರಿತು. ಅಲ್ಲಿಂದಾಚೆಗೆ ಬಿಟ್ಟ ಒಂದೊಂದು ವಾರವೂ ಲಾಭವೇ. ನಾಲ್ಕು ವಾರದ ಅವಕಾಶವಿಲ್ಲದಿದ್ದರೆ ಇಂದೇ ಬಿಡಬೇಕು. ಬೀಡಿಯ ಹೊಗೆಯಲ್ಲಿರುವ ಇಂಗಾಲದ ಮಾನಾಕ್ಸೈಡು ಎಂಬ ವಿಷಾನಿಲ ಒಂದು ದಿನದೊಳಗಾಗಿಯೇ ರಕ್ತದಿಂದ ಬಹುಮಟ್ಟಿಗೆ ತೊಲಗುತ್ತದೆ.

ಎರಡನೆಯವರು ಮದ್ದೂರಿನ ಗರ್ಭಿಣಿ. ಹೆರಿಗೆಯ ನೋವು ಆರಂಭವಾಗಿದೆ. ಶಸ್ತ್ರಚಿಕಿತ್ಸೆಯ ಮೂಲಕವೇ ಹೆರಿಗೆಯಾಗಬೇಕೆಂದು ನಿರ್ಧಾರವಾಗಿದೆ. ಏನನ್ನೂ ಕೊಡಬೇಡಿ ಎಂದು ದಾದಿ ಹೇಳಿಹೋಗಿದ್ದಾಳೆ. ಆದರೆ ಬರಿ ಹೊಟ್ಟೆಯಲ್ಲಿ ಬಸುರಿಯನ್ನು ಬಿಡುವುದಾದರೂ ಹೇಗೆಂದು ಅತ್ತೆಯವರು ಸೆರಗಿನ ಮರೆಯಲ್ಲಿ ಎರಡು ಇಡ್ಲಿ ತಿನ್ನಿಸುತ್ತಾರೆ. ವೈದ್ಯರು ಕೇಳಿದಾಗ ಇಬ್ಬರೂ ಇಲ್ಲವೆನ್ನುತ್ತಾರೆ. ಇದರ ಪರಿಣಾಮವನ್ನು ನೋಡಿ. ಎಚ್ಚರವಿರುವಾಗ ಗಂಟಲಿನ ಬಾಗಿಲು ಕಾಯುವ ಕೆಮ್ಮು, ಅರಿವಳಿಕೆಯಲ್ಲಿ ನಿದ್ರೆ ಹೋಗುತ್ತದೆ. ಹೊಟ್ಟೆಯೊಳಗಿನ ಅನ್ನವೂ ಆಮ್ಲವೂ ಮೇಲಕ್ಕೆ ಉಕ್ಕಿ ಶ್ವಾಸಕೋಶಕ್ಕೆ ಇಳಿಯಬಹುದು. 1946ರಲ್ಲಿ ನ್ಯೂಯಾರ್ಕಿನ ವೈದ್ಯ ಕರ್ಟಿಸ್ ಮೆಂಡೆಲ್ಸನ್ ತಮ್ಮ ಆಸ್ಪತ್ರೆಯ 1932ರಿಂದ 1945ರವರೆಗಿನ 44,016 ಪ್ರಸವಗಳ ದಾಖಲೆಗಳನ್ನು ಪರಿಶೀಲಿಸಿ, 66 ಮಂದಿಗೆ ಹೀಗಾಗಿದ್ದುದನ್ನು ಪ್ರಕಟಿಸಿದರು. ಘನವಾದ ಆಹಾರ ಸಿಕ್ಕಿಕೊಂಡು ಇಬ್ಬರು ಉಸಿರುಕಟ್ಟಿ ತೀರಿಕೊಂಡಿದ್ದರು. ಇಂದು ಹೆಚ್ಚಿನ ಹೆರಿಗೆಯ ಚಿಕಿತ್ಸೆಗಳು ಬೆನ್ನಿಗೆ ಸೂಜಿಮದ್ದು ಕೊಟ್ಟು ನಡೆಯುತ್ತವೆ. ಆದರೂ ನಡುವೆ ಪೂರ್ಣ ಅರಿವಳಿಕೆ ಬೇಕಾಗುವ ಸಂದರ್ಭ ಬರಬಹುದಾದ್ದರಿಂದ ನಿಯಮ ಸಡಿಲವಾಗಿಲ್ಲ. ಸಾಮಾನ್ಯವಾಗಿ ಹಗುರವಾದ ಊಟಕ್ಕೂ ಚಿಕಿತ್ಸೆಗೂ ನಡುವೆ 6 ಗಂಟೆ, ತಿಳಿನೀರಿಗೆ 2 ಗಂಟೆ ಅಂತರವಿರಬೇಕು. ಕರಿದ ಪದಾರ್ಥಕ್ಕೆ ಇನ್ನೂ ಹೆಚ್ಚು ಕಾಲ ಬೇಕು. ಮದ್ದೂರು ವಡೆಯ ಕೀರ್ತಿಗೆ ಇದರಿಂದ ಕುಂದೇನೂ ಇಲ್ಲ. ಬಾಣಂತಿತನ ಮುಗಿದ ಮೇಲೆ ಅದು ಎಲ್ಲಿಗೂ ಓಡಿಹೋಗುವುದಿಲ್ಲ. ತಿಂದದ್ದಾಗಿದ್ದರೆ ನಿಜವನ್ನು ಹೇಳಿಬಿಡಬೇಕು. ನಿಜ ತಿಳಿದರೆ ಅರಿವಳಿಕೆಯ ವೈದ್ಯರು ತಕ್ಕ ಎಚ್ಚರಿಕೆ ವಹಿಸುತ್ತಾರೆ. ಮುಚ್ಚಿಟ್ಟರೆ ಅವರ ಕೈ ಕಟ್ಟಿದಂತೆ.

ಮೂರನೆಯವರು ಮಂಡ್ಯದ ನಿವೃತ್ತ ಉಪಾಧ್ಯಾಯರು. ಬಚ್ಚಲಲ್ಲಿ ಜಾರಿಬಿದ್ದು ತೊಡೆಯ ಮೂಳೆಯ ತಲೆ ಮುರಿದು, ಚಿಕಿತ್ಸೆಯಾಗಿದೆ. ಮೇಷ್ಟ್ರು ಹೇಳಿದಂತೆ ಕೇಳುವ ಸ್ವಭಾವದವರು. ಕಾಲನ್ನು ಅಲ್ಲಾಡಿಸದೆ ಮಲಗಿದ್ದಾರೆ. ಕದಲದ ಕಾಲಿನ ಆಳದ ರಕ್ತನಾಳಗಳಲ್ಲಿ ರಕ್ತ ನಿಧಾನವಾಗಿ ಹರಿದು ಹೆಪ್ಪುಗಟ್ಟುತ್ತದೆ. ಆ ಹೆಪ್ಪಿನ ತುಣುಕು ಒಂದು ದಿನ ಕಳಚಿಕೊಂಡು ಹೃದಯವನ್ನು ಹಾದು ಶ್ವಾಸಕೋಶದ ರಕ್ತನಾಳದಲ್ಲಿ ಸಿಕ್ಕಿಕೊಳ್ಳುತ್ತದೆ. ಕಾಲಿನ ಹೆಪ್ಪಿಗೂ ಎದೆಯ ಈ ಆಘಾತಕ್ಕೂ ಇರುವ ಸಂಬಂಧವನ್ನು ಹತ್ತೊಂಬತ್ತನೆಯ ಶತಮಾನದ ಮಧ್ಯದಲ್ಲಿ ಜರ್ಮನಿಯ ವಿರ್ಖೋ ವಿವರಿಸಿದರು. ಇಲ್ಲಿ ಗಾಳಿಯ ದಾರಿ ತೆರೆದೇ ಇದೆ. ರಕ್ತದ ದಾರಿ ಮುಚ್ಚಿದೆ. ಆದ್ದರಿಂದ ಇದಕ್ಕೆ ಉಪಾಯವೂ ಬೇರೆ: ರಕ್ತ ಹೆಪ್ಪುಗಟ್ಟದಂತೆ ಕೊಡುವ ಹೆಪಾರಿನ್ ಮೊದಲಾದ ಔಷಧಗಳು, ಹಾಸಿಗೆಯಲ್ಲಿಯೇ ಪಾದಗಳನ್ನು ಮೇಲೆ ಕೆಳಗೆ ಆಡಿಸುವುದು, ವೈದ್ಯರ ಅಪ್ಪಣೆಯಾದೊಡನೆ ಎದ್ದು ನಿಲ್ಲುವುದು.

ಮೂವರ ತೊಂದರೆಗಳೂ ಬೇರೆ ಬೇರೆ. ಆದರೆ ಮೂವರಿಗೂ ಒಂದು ಕೊರತೆ ಸಮಾನ: ಮುಂಚಿತವಾಗಿ ಯಾರೂ ಅವರ ಪಕ್ಕದಲ್ಲಿ ಕುಳಿತು ಕಾರಣಸಹಿತವಾಗಿ ವಿಷಯವನ್ನು ತಿಳಿಸಿಹೇಳಲಿಲ್ಲ. ಇದರಲ್ಲಿ ವೈದ್ಯರಾದ ನಮ್ಮ ತಪ್ಪೂ ಉಂಟೆಂದು ಒಪ್ಪಿಕೊಳ್ಳಬೇಕು. ಗಾಯದ ವಿಷಯವನ್ನು ನಾವು ವಿವರವಾಗಿ ಹೇಳುತ್ತೇವೆ. ಉಸಿರಿನ ವಿಷಯಕ್ಕೆ ಬಂದಾಗ, ಚೆನ್ನಾಗಿ ಉಸಿರೆಳೆದುಕೊಳ್ಳಿ ಎಂಬ ಒಂದು ಮಾತಿನಲ್ಲಿ ಮುಗಿಸಿ ಮುಂದಿನ ಹಾಸಿಗೆಗೆ ನಡೆಯುತ್ತೇವೆ. ಅದೂ ಎಂಥ ಹೊತ್ತಿನಲ್ಲಿ? ರೋಗಿ ನೋವಿನಲ್ಲಿ, ಮಂಪರಿನಲ್ಲಿ ಮಲಗಿರುವಾಗ. ಅಂಥ ಹೊತ್ತು ಕಲಿಯುವ ಹೊತ್ತಲ್ಲ.

ಈ ಮಾತಿಗೆ ಈಗ ಬಲವಾದ ಪ್ರಮಾಣ ದೊರೆತಿದೆ. ಆಸ್ಟ್ರೇಲಿಯ ಮತ್ತು ನ್ಯೂಜಿಲೆಂಡಿನ ಮೂರು ಆಸ್ಪತ್ರೆಗಳಲ್ಲಿ ಮೇಲ್ಹೊಟ್ಟೆಯ ಶಸ್ತ್ರಚಿಕಿತ್ಸೆಗೆ ಬಂದ 441 ಮಂದಿಯ ಮೇಲೆ ನಡೆಸಿದ ಒಂದು ಪರೀಕ್ಷೆಯ ಫಲಿತಾಂಶ 2018ರಲ್ಲಿ ಪ್ರಕಟವಾಯಿತು. ಎಲ್ಲರಿಗೂ ಒಂದು ಚಿಕ್ಕ ಪುಸ್ತಕವನ್ನು ಕೊಟ್ಟರು. ಅರ್ಧದಷ್ಟು ಮಂದಿಗೆ ಇದರ ಜೊತೆಗೆ, ಚಿಕಿತ್ಸೆಗೆ ಮೊದಲು ಒಂದೇ ಒಂದು ಸಲ, ಅರ್ಧ ಗಂಟೆಯ ಕಾಲ, ಫಿಸಿಯೋಥೆರಪಿಯವರು ಎದುರಿಗೆ ಕುಳಿತು ಶ್ವಾಸಕೋಶ ಕುಸಿಯುವುದು ಏಕೆ, ಆಳವಾದ ಉಸಿರು ಏಕೆ ಬೇಕು, ಕೆಮ್ಮುವುದು ಹೇಗೆ ಎಂಬುದನ್ನು ಹೇಳಿಕೊಟ್ಟು ಮಾಡಿಸಿದರು. ಪುಸ್ತಕವನ್ನು ಮಾತ್ರ ಪಡೆದವರಲ್ಲಿ ನೂರಕ್ಕೆ 27 ಮಂದಿಗೆ ಶ್ವಾಸಕೋಶದ ತೊಂದರೆಯಾಯಿತು. ಮಾತನ್ನೂ ಪಡೆದವರಲ್ಲಿ ನೂರಕ್ಕೆ 12 ಮಂದಿಗೆ ಮಾತ್ರ. ಯಂತ್ರವಿಲ್ಲ, ಔಷಧವಿಲ್ಲ, ಅರ್ಧ ಗಂಟೆಯ ತಿಳಿವಳಿಕೆಯ ಮಾತು ತೊಂದರೆಯನ್ನು ಅರ್ಧಕ್ಕಿಂತ ಕೆಳಗಿಳಿಸಿತು.

ಆ ಅರ್ಧ ಗಂಟೆಯಲ್ಲಿ ಕಲಿಯತಕ್ಕದ್ದು ಏನು? ಬಹಳ ಸರಳವಾದ ವಿಷಯ. ಬೆನ್ನನ್ನು ಒರಗಿಸಿ ನೆಟ್ಟಗೆ ಕುಳಿತುಕೊಳ್ಳಬೇಕು. ಮೂಗಿನಿಂದ ನಿಧಾನವಾಗಿ, ಕೆಳಗಿನ ಪಕ್ಕೆಲುಬುಗಳು ಅಗಲವಾಗುವಂತೆ, ಹಿಡಿಸುವಷ್ಟು ಗಾಳಿಯನ್ನು ಎಳೆದುಕೊಳ್ಳಬೇಕು. ಮನಸ್ಸಿನಲ್ಲಿ ಮೂರೆಣಿಸುವವರೆಗೆ ತಡೆದು, ಮೆಲ್ಲಗೆ ಬಿಡಬೇಕು. ಹೀಗೆ ಹತ್ತು ಸಲ. ಆಮೇಲೆ ಒಂದು ದಿಂಬನ್ನೋ ಮಡಿಸಿದ ಟವಲನ್ನೋ ಗಾಯದ ಮೇಲೆ ಎರಡು ಕೈಗಳಿಂದಲೂ ಅದುಮಿ ಹಿಡಿದು ಎರಡು ಮೂರು ಸಲ ಬಲವಾಗಿ ಕೆಮ್ಮಬೇಕು. ಹೀಗೆ ಆಸರೆ ಕೊಟ್ಟು ಕೆಮ್ಮಿದರೆ ನೋವೂ ಕಡಮೆ, ಹೊಲಿಗೆಗೂ ರಕ್ಷಣೆ. ಎಚ್ಚರವಾಗಿರುವಷ್ಟು ಹೊತ್ತೂ ಗಂಟೆಗೊಮ್ಮೆ ಇದು ನಡೆಯಬೇಕು. ರೋಗಿಗೆ ಮರೆವಾದರೆ ನೆನಪು ಮಾಡಿಕೊಡುವುದು ಪಕ್ಕದಲ್ಲಿರುವವರ ಕೆಲಸ. ಕೆಮ್ಮಬೇಡ ಎಂದು ಹೇಳುತ್ತಿದ್ದ ತಾಯಿಯೇ, ಹತ್ತು ಉಸಿರಾಯಿತೆ ಮಗನೆ, ಎಂದು ಕೇಳುವಂತಾಗಬೇಕು. ಕೆಲವು ವಿಶೇಷ ಚಿಕಿತ್ಸೆಗಳ ತರುವಾಯ, ಕಣ್ಣಿನ ಅಥವಾ ಮಿದುಳಿನ ಚಿಕಿತ್ಸೆಯಾದಾಗ, ಬಲವಾಗಿ ಕೆಮ್ಮಬಾರದೆಂದು ವೈದ್ಯರೇ ಹೇಳುವುದುಂಟು. ಅಲ್ಲಿ ಅವರ ಮಾತೇ ಪ್ರಮಾಣ.

ಮೂರು ಬಣ್ಣದ ಗುಂಡುಗಳಿರುವ ಒಂದು ಪ್ಲಾಸ್ಟಿಕ್ಕಿನ ಉಪಕರಣವನ್ನು ನೀವು ಆಸ್ಪತ್ರೆಗಳಲ್ಲಿ ನೋಡಿರಬಹುದು. ಅದನ್ನು ಕೈಗೆ ಕೊಟ್ಟೊಡನೆ ಹಲವರು ಪುಂಗಿಯಂತೆ ಊದಲು ತೊಡಗುತ್ತಾರೆ. ಅದು ಊದುವ ಉಪಕರಣವಲ್ಲ, ಎಳೆಯುವ ಉಪಕರಣ. ಕೊಳವೆಯನ್ನು ಬಾಯಲ್ಲಿಟ್ಟು ಗಾಳಿಯನ್ನು ಒಳಕ್ಕೆ ಎಳೆದಾಗ ಗುಂಡುಗಳು ಮೇಲೇರಬೇಕು. ಮೂರನೆಯ ಗುಂಡನ್ನು ಒಮ್ಮೆ ಥಟ್ಟನೆ ಹಾರಿಸುವುದಕ್ಕಿಂತ ಮೊದಲನೆಯ ಗುಂಡನ್ನು ಹೆಚ್ಚು ಹೊತ್ತು ನಿಲ್ಲಿಸುವುದು ಮೇಲು. ಆ ಉಪಕರಣದಲ್ಲಿ ಮಂತ್ರಶಕ್ತಿಯೇನೂ ಇಲ್ಲ. ಅದು ದೊರೆಯದಿದ್ದರೆ ಕೈಚೆಲ್ಲಿ ಕೂರಬೇಕಾಗಿಯೂ ಇಲ್ಲ. ಗುಣ ಕೊಡುವುದು ಆಳವಾದ ಉಸಿರು. ಗುಂಡುಗಳು ಅದನ್ನು ಅಳೆದು ತೋರಿಸುತ್ತವೆ, ಅಷ್ಟೆ.

ನೋವಿನ ವಿಷಯದಲ್ಲಿಯೂ ಒಂದು ಮಾತು. ಬಾಯಿಮುಚ್ಚಿ ನೋವನ್ನು ಸಹಿಸುವುದು ದೊಡ್ಡತನವೆಂದು ನಮ್ಮಲ್ಲಿ ಭಾವನೆಯಿದೆ. ಈ ಸಂದರ್ಭದಲ್ಲಿ ಅದು ದೊಡ್ಡತನವಲ್ಲ. ನೋವಿರುವವನು ಉಸಿರೆಳೆಯಲಾರ, ಕೆಮ್ಮಲಾರ, ನಡೆಯಲಾರ. ನೋವಿದೆ ಎಂದು ಸಂಕೋಚವಿಲ್ಲದೆ ದಾದಿಗೆ ತಿಳಿಸಿ ಔಷಧವನ್ನು ಪಡೆಯಬೇಕು. ಹಾಸಿಗೆಯ ತಲೆಯ ಭಾಗವನ್ನು ಎತ್ತರಿಸಿರಬೇಕು. ಹಲ್ಲುಜ್ಜಿ ಬಾಯನ್ನು ಶುಚಿಯಾಗಿಡಬೇಕು; ಬಾಯೊಳಗಿನ ರೋಗಾಣುಗಳೇ ಎಷ್ಟೋ ವೇಳೆ ಶ್ವಾಸಕೋಶಕ್ಕೆ ಇಳಿಯುತ್ತವೆ. ಅಪ್ಪಣೆಯಾದ ದಿನವೇ ಕುರ್ಚಿಯಲ್ಲಿ ಕುಳಿತು, ಇಬ್ಬರ ತೋಳು ಹಿಡಿದಾದರೂ ನಾಲ್ಕು ಹೆಜ್ಜೆ ನಡೆಯಬೇಕು.

ಚಿಕಿತ್ಸೆಗೆ ಮೊದಲು ವೈದ್ಯರಿಗೆ ತಿಳಿಸಬೇಕಾದ ಸಂಗತಿಗಳೂ ಕೆಲವುಂಟು. ಉಬ್ಬಸವಿದೆಯೆ, ಹಿಂದೆ ಕ್ಷಯವಾಗಿತ್ತೆ, ಬೀಡಿ ಸಿಗರೇಟು ಎಷ್ಟು, ಒಲೆಯ ಹೊಗೆಯಲ್ಲಿ ಎಷ್ಟು ವರ್ಷ ಕಳೆದಿದ್ದಾರೆ, ಈ ವಾರ ನೆಗಡಿ ಜ್ವರ ಬಂದಿದೆಯೆ, ನಿದ್ರೆಯಲ್ಲಿ ಜೋರಾಗಿ ಗೊರಕೆ ಹೊಡೆದು ನಡುನಡುವೆ ಉಸಿರು ನಿಂತಂತಾಗುವುದೆ, ಅಲುಗಾಡುವ ಹಲ್ಲಿದೆಯೆ. ಗೊರಕೆಯ ವಿಷಯ ಗೊರಕೆ ಹೊಡೆಯುವವರಿಗೆ ಗೊತ್ತಿರುವುದಿಲ್ಲ. ಅದನ್ನು ಮನೆಯವರೇ ಹೇಳಬೇಕು.

ಇನ್ನು ಮನೆಗೆ ಬಂದ ಮೇಲಿನ ಮಾತು. ಈಗ ಸಣ್ಣ ರಂಧ್ರಗಳ ಮೂಲಕ ದುರ್ಬೀನನ್ನು ತೂರಿಸಿ ಮಾಡುವ ಚಿಕಿತ್ಸೆಗಳು ಹೆಚ್ಚಿವೆ. ಅವುಗಳಿಂದ ನೋವೂ ಶ್ವಾಸಕೋಶದ ತೊಂದರೆಯೂ ಕಡಮೆ. ರೋಗಿಗಳು ಬೇಗನೆ ಮನೆಗೆ ಮರಳುತ್ತಾರೆ. ಆದ್ದರಿಂದ ತೊಂದರೆಯ ಮೊದಲ ಕುರುಹನ್ನು ಗುರುತಿಸುವ ಹೊಣೆ ಮನೆಯವರ ಮೇಲೆ ಬೀಳುತ್ತದೆ. ಜ್ವರ, ಬಿರುಸಾದ ಉಸಿರು, ಹಸಿರು ಅಥವಾ ಹಳದಿಯ ಕಫ, ಉಸಿರೆಳೆದಾಗ ಎದೆಯಲ್ಲಿ ಚುಚ್ಚಿದಂತಾಗುವುದು, ಕಫದಲ್ಲಿ ರಕ್ತ, ಒಂದೇ ಕಾಲಿನ ಮೀನಖಂಡ ಊದಿ ನೋಯುವುದು, ವಯಸ್ಸಾದವರಲ್ಲಿ ಇದ್ದಕ್ಕಿದ್ದಂತೆ ತಲೆದೋರುವ ಮನಸ್ಸಿನ ಗೊಂದಲ, ಇವುಗಳಲ್ಲಿ ಯಾವುದು ಕಂಡರೂ ಮರುದಿನ ನೋಡೋಣವೆಂದು ಕೂರಬಾರದು. ಜಪಾನಿನ ಆವೊಯಾಗಿ 1970ರ ದಶಕದಲ್ಲಿ ರೂಪಿಸಿದ ತತ್ತ್ವದ ಮೇಲೆ ಕೆಲಸಮಾಡುವ, ಬೆರಳಿಗೆ ಸಿಕ್ಕಿಸಿ ರಕ್ತದ ಆಮ್ಲಜನಕವನ್ನು ತೋರಿಸುವ ಉಪಕರಣ 2020-21ರ ಕೋವಿಡ್ ಕಾಲದಿಂದ ಅನೇಕ ಮನೆಗಳಲ್ಲಿ ಪೆಟ್ಟಿಗೆ ಸೇರಿದೆ. ಅದನ್ನು ಹೊರತೆಗೆದು ಬಳಸಬಹುದು. ಅಂಕಿ ಚೆನ್ನಾಗಿಯೇ ಇದ್ದರೂ ರೋಗಿಗೆ ಉಸಿರುಕಟ್ಟುತ್ತಿದ್ದರೆ ರೋಗಿಯ ಮಾತನ್ನೇ ನಂಬಬೇಕು. ಮಳವಳ್ಳಿಗೆ ಇಂದಿಗೂ ರೈಲಿಲ್ಲ. ಆದರೆ 108ಕ್ಕೆ ಕರೆಮಾಡಿದರೆ ಆಂಬ್ಯುಲೆನ್ಸ್ ಹಳ್ಳಿಯ ಬಾಗಿಲಿಗೇ ಬರುತ್ತದೆ.

ಪೇಟೆಯಲ್ಲಿ ಕುಳಿತು ಈ ಭಾಷಣವನ್ನು ಕೇಳುತ್ತಿರುವ ವಿದ್ಯಾವಂತರಾದ ನಿಮ್ಮಲ್ಲಿ ನನ್ನದೊಂದು ಬಿನ್ನಹ. ನಿಮ್ಮಲ್ಲಿ ಅನೇಕರ ತಂದೆತಾಯಿಗಳು, ಅಣ್ಣತಮ್ಮಂದಿರು ಹಳ್ಳಿಗಳಲ್ಲಿದ್ದಾರೆ. ಶಸ್ತ್ರಚಿಕಿತ್ಸೆಯ ದಿನ ಗೊತ್ತಾದಾಗ ಅವರು ಮೊದಲು ಸುದ್ದಿ ಕಳುಹಿಸುವುದು ನಿಮಗೇ. ಹಣದ ಏರ್ಪಾಡನ್ನು ನೋಡುವವರೂ ನೀವೇ. ಆ ಏರ್ಪಾಡಿನ ಜೊತೆಗೆ ಒಂದು ಅರ್ಧ ಗಂಟೆಯನ್ನೂ ಏರ್ಪಡಿಸಿ. ಚಿಕಿತ್ಸೆಗೆ ಮುಂಚೆ ಇವರಿಗೆ ಉಸಿರಾಟವನ್ನು ಹೇಳಿಕೊಡುವವರು ಯಾರು, ಎಂದು ಆಸ್ಪತ್ರೆಯಲ್ಲಿ ಕೇಳಿ. ಹಾಗೆ ಕೇಳುವುದರಿಂದ ಯಾವ ವೈದ್ಯರಿಗೂ ಅಗೌರವವಾಗುವುದಿಲ್ಲ; ನಮಗೆ ಮರೆತಿದ್ದ ಕರ್ತವ್ಯದ ನೆನಪಾಗುತ್ತದೆ. ನನ್ನ ಈ ಭಾಷಣ ಆ ಅರ್ಧ ಗಂಟೆಗೆ ಸಮನಾಗಲಾರದು. ಪಕ್ಕೆಲುಬಿನ ಮೇಲೆ ಕೈಯಿಟ್ಟು, ಇಲ್ಲಿಯವರೆಗೆ ಗಾಳಿ ಬರಲಿ, ಎಂದು ತೋರಿಸಿಕೊಡುವ ಕೈ ಇದಕ್ಕಿಲ್ಲ. ಆ ಕೈಯನ್ನು ಹುಡುಕುವಂತೆ ನಿಮ್ಮನ್ನು ಇದು ಎಬ್ಬಿಸಿದರೆ ಇದರ ಕೆಲಸವಾಯಿತು.

ಹೊಲಿಗೆ ಹಾಕುವುದು ಶಸ್ತ್ರವೈದ್ಯರ ಕೆಲಸ. ಅರಿವಳಿಕೆಯಲ್ಲಿರುವಷ್ಟು ಹೊತ್ತು ಉಸಿರನ್ನು ಕಾಯುವುದು ಅರಿವಳಿಕೆಯ ವೈದ್ಯರ ಕೆಲಸ. ಎಚ್ಚರವಾದ ಮೇಲೆ ಆ ಉಸಿರು ರೋಗಿಯದೇ ಆಗುತ್ತದೆ. ಅದನ್ನು ಆಳವಾಗಿ ಎಳೆಯುವುದನ್ನು ಅವರ ಪರವಾಗಿ ಬೇರೆ ಯಾರೂ ಮಾಡಲಾರರು. ಹೇಗೆಂದು ಮೊದಲೇ ತಿಳಿಸಿಕೊಡುವುದು ಮಾತ್ರ ನಮ್ಮೆಲ್ಲರಿಂದ ಆಗತಕ್ಕ ಕೆಲಸ.